ಬ್ಯಾಲರಟ್ಟೋ ಬೆಂಡಿಗೊವೋ: ವಿಕ್ಟೋರಿಯಾದ ಎರಡು ಚಿನ್ನದ ಊರುಗಳಲ್ಲಿ ನಿಮಗೆ ಯಾವುದು?

ಮೆಲ್ಬರ್ನ್‌ನಲ್ಲಿರುವ ಮಕ್ಕಳ ಮನೆಗೆ ಅಪ್ಪ ಅಮ್ಮ ಬಂದಿದ್ದಾರೆ, ಶನಿವಾರ ಬಿಡುವಾಗಿದೆ, ಎಲ್ಲಿಗೆ ಹೋಗೋಣ ಎಂದು ಕೇಳಿದರೆ ಗ್ರೇಟ್ ಓಷನ್ ರೋಡ್ ಆದಮೇಲೆ ಬಾಯಿಗೆ ಬರುವ ಹೆಸರು ಬ್ಯಾಲರಟ್‌ನ ಬಯಲು ವಸ್ತುಸಂಗ್ರಹಾಲಯ ಸಾವರಿನ್ ಹಿಲ್. ಬೆಂಡಿಗೊ ಹೆಸರು ತೆಗೆಯುವವರು ಕಡಿಮೆ. ಎರಡೂ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಚಿನ್ನದ ಊರುಗಳೇ. ಎರಡೂ ಕಡೆ ಚಿನ್ನಕ್ಕೆ ಜನ ನುಗ್ಗಿದ್ದು 1851ರಲ್ಲೇ. ಹಾಗೆಂದು ಒಂದನ್ನು ನೋಡಿದರೆ ಇನ್ನೊಂದನ್ನೂ ನೋಡಿದ ಹಾಗಾಗುವುದಿಲ್ಲ. ಯಾರ ಜೊತೆ ಹೋಗುತ್ತೀರಿ, ಯಾವ ತಿಂಗಳಲ್ಲಿ ಹೋಗುತ್ತೀರಿ, ಕಾರಿದೆಯೋ ಇಲ್ಲವೋ ಎನ್ನುವುದರ ಮೇಲೆ ಆಯ್ಕೆ ಪೂರ್ತಿ ತಿರುಗಿಬಿಡುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ, ಕಾರಣಗಳು ಆಮೇಲೆ. ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿದ್ದು ಒಂದೇ ದಿನ ಕೈಯಲ್ಲಿದ್ದರೆ ಬ್ಯಾಲರಟ್. ಮಂಡಿ ನೋವಿರುವ ಹಿರಿಯರ ಜೊತೆ, ಅಥವಾ ಕಾರಿಲ್ಲದೆ ರೈಲಿನಲ್ಲಿ ಹೋಗುವುದಾದರೆ ಬೆಂಡಿಗೊ. ಗಣಿಯ ಒಳಗೆ ನಿಜವಾಗಿ ಇಳಿದು ನೋಡಬೇಕೆಂಬ ಆಸೆಯಿದ್ದರೆ ಬೆಂಡಿಗೊ. ಜನವರಿಯ ಸುಡುಬಿಸಿಲಿನಲ್ಲಿ ಬ್ಯಾಲರಟ್, ಜುಲೈನ ಚಳಿಯಲ್ಲಿ ಬೆಂಡಿಗೊ. ಒಂದೇ ದಿನ ಎರಡನ್ನೂ ಮುಗಿಸುವ ಯೋಚನೆಯಿದ್ದರೆ ಅದನ್ನು ಇಲ್ಲಿಗೇ ಬಿಡಿ. ಎರಡೂರಿನ ನಡುವೆ ಮಿಡ್‌ಲ್ಯಾಂಡ್ ಹೆದ್ದಾರಿಯಲ್ಲಿ ಸುಮಾರು 120 ಕಿಲೋಮೀಟರ್, ಒಂದೂವರೆ ಗಂಟೆಯ ದಾರಿ. ನೋಡುವ ಜಾಗಗಳೆಲ್ಲ ಸಂಜೆ ನಾಲ್ಕು-ಐದಕ್ಕೆ ಬಾಗಿಲು ಹಾಕುತ್ತವೆ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೂ ಎರಡೂ ಕಡೆ ಅರ್ಧಂಬರ್ಧವೇ ಆಗುತ್ತದೆ.

ಚಿನ್ನ ಎಲ್ಲಿತ್ತು, ಹೇಗಿತ್ತು

ಎರಡು ಊರುಗಳ ವ್ಯತ್ಯಾಸ ಶುರುವಾಗುವುದು ನೆಲದಡಿಯಲ್ಲಿ. ಇದನ್ನು ಸ್ವಲ್ಪ ತಿಳಿದುಕೊಂಡು ಹೋದರೆ ನೋಡುವುದಕ್ಕೆ ಅರ್ಥ ಬರುತ್ತದೆ.

ಬ್ಯಾಲರಟ್‌ನಲ್ಲಿ ಮೊದಲು ಸಿಕ್ಕಿದ್ದು ಹೊಳೆಯ ಮರಳಿನ ಚಿನ್ನ. ಅದು ಬೇಗ ಬರಿದಾಯಿತು. ಉಳಿದದ್ದು ಬಹಳ ಹಿಂದೆ ಹರಿದಿದ್ದ ನದಿಗಳ ಜಲ್ಲಿಯಲ್ಲಿತ್ತು. ಆ ನದಿಗಳೆಲ್ಲ ಮಣ್ಣು ಮತ್ತು ಜ್ವಾಲಾಮುಖಿಯ ಕಪ್ಪು ಕಲ್ಲಿನ ಕೆಳಗೆ ಹೂತುಹೋಗಿದ್ದವು. ಅಲ್ಲಿಗೆ ಮುಟ್ಟಲು ಹತ್ತಾರು ಮೀಟರ್ ಬಾವಿ ತೋಡಬೇಕು, ನೀರೆತ್ತಬೇಕು, ತಿಂಗಳುಗಟ್ಟಲೆ ದುಡಿಯಬೇಕು. ಆದರೆ ಚಿನ್ನ ಸಿಗಲಿ ಬಿಡಲಿ, ಸರ್ಕಾರಕ್ಕೆ ಲೈಸೆನ್ಸ್ ಹಣ ಕಟ್ಟಲೇಬೇಕಿತ್ತು; ಶುರುವಿನಲ್ಲಿ ಅದು ತಿಂಗಳಿಗೆ 30 ಶಿಲಿಂಗ್. ಆರು ತಿಂಗಳು ತೋಡಿದವನಿಗೆ ಒಂದು ಚೂರೂ ಸಿಕ್ಕಿರುತ್ತಿರಲಿಲ್ಲ, ಪೊಲೀಸರು ಮಾತ್ರ ಲೈಸೆನ್ಸ್ ತೋರಿಸು ಎಂದು ಬೆನ್ನು ಹತ್ತುತ್ತಿದ್ದರು. ಆ ಸಿಟ್ಟೇ 1854ರ ಡಿಸೆಂಬರ್ 3ರ ಭಾನುವಾರ ಬೆಳಗಿನ ಜಾವ ಯುರೇಕಾ ದಂಗೆಯಾಗಿ ಸ್ಫೋಟಿಸಿತು. ಪೀಟರ್ ಲೇಲರ್ ಮುಂದಾಳತ್ವದಲ್ಲಿ ಮರದ ದಿಮ್ಮಿಗಳ ಅಡ್ಡಗಟ್ಟೆ ಕಟ್ಟಿಕೊಂಡಿದ್ದ ಗಣಿಗಾರರ ಮೇಲೆ ಸೈನಿಕರು ಎರಗಿದರು. ಕಾಳಗ ಮುಗಿಯಲು ಕಾಲು ಗಂಟೆಯೂ ಹಿಡಿಯಲಿಲ್ಲ, ಇಪ್ಪತ್ತಕ್ಕೂ ಹೆಚ್ಚು ಗಣಿಗಾರರು ಸತ್ತರು. ಲೇಲರ್ ಎಡಗೈ ಕಳೆದುಕೊಂಡ. ರಾಜದ್ರೋಹದ ವಿಚಾರಣೆಗೆ ನಿಂತ ಹದಿಮೂರು ಮಂದಿಯನ್ನೂ ಜ್ಯೂರಿ ಬಿಡುಗಡೆ ಮಾಡಿತು. 1855ರಲ್ಲಿ ಲೈಸೆನ್ಸ್ ಹೋಗಿ ವರ್ಷಕ್ಕೆ ಒಂದು ಪೌಂಡಿನ ‘ಮೈನರ್ಸ್ ರೈಟ್’ ಎಂಬ ಪರವಾನಗಿ ಬಂತು, ಅದರ ಜೊತೆ ಮತದಾನದ ಹಕ್ಕೂ ಬಂತು. ಲೇಲರ್ ಮುಂದೆ ವಿಕ್ಟೋರಿಯಾ ವಿಧಾನಸಭೆಯ ಸ್ಪೀಕರ್ ಆದ.

ಬೆಂಡಿಗೊದ ಚಿನ್ನ ಗಟ್ಟಿ ಬಂಡೆಯಲ್ಲಿತ್ತು. ಹಾಸಿದ ಜಮಖಾನೆಯನ್ನು ಎರಡು ಬದಿಯಿಂದ ತಳ್ಳಿದರೆ ಏಳುವ ಸುಕ್ಕುಗಳ ಹಾಗೆ ಅಲ್ಲಿನ ಮರಳುಗಲ್ಲಿನ ಪದರಗಳು ಮಡಿಚಿಕೊಂಡಿವೆ. ಪ್ರತಿ ಮಡಿಕೆಯ ನೆತ್ತಿಯಲ್ಲಿ ಬೆಣಚುಕಲ್ಲು ಕೂತಿದೆ, ಆ ಬೆಣಚಿನಲ್ಲಿ ಚಿನ್ನ. ಒಂದರ ಕೆಳಗೆ ಇನ್ನೊಂದು ಹೀಗೆ ಜೋಡಿಸಿಟ್ಟಂತಿರುವುದರಿಂದ ಮೇಲಿನದು ಮುಗಿದರೆ ಕೆಳಗಿನದಕ್ಕೆ ಇಳಿಯಬೇಕು. ಹಾಗಾಗಿ ಬೆಂಡಿಗೊ ಆಳಕ್ಕಿಳಿದ ಊರು, ಕಂಪನಿಗಳ ಊರು. ನಮ್ಮ ಕೋಲಾರದ ಕಥೆಗೆ ಹತ್ತಿರವಾದದ್ದು ಇದೇ. ಬ್ಯಾಲರಟ್‌ನ ಹೊಳೆ ಚಿನ್ನಕ್ಕೆ ನಮ್ಮಲ್ಲಿ ಹೋಲಿಕೆ ಬೇಕಿದ್ದರೆ ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆಯುತ್ತಿದ್ದ ಜಾಲಗಾರರನ್ನು ನೆನೆಯಬೇಕು.

ಚಿನ್ನಕ್ಕೆ ಮುಂಚೆ ಈ ನೆಲ ಯಾರದ್ದಾಗಿತ್ತು ಎನ್ನುವುದೂ ತಿಳಿದಿರಲಿ. ಬ್ಯಾಲರಟ್ ವಾಡಾವುರಂಗ್ ಜನರ ನೆಲ, ಬೆಂಡಿಗೊ ಜಾ ಜಾ ವುರಂಗ್ ಜನರ ನೆಲ. ತೋಡಿ ಎಬ್ಬಿಸಿದ್ದು ಅವರ ಹೊಳೆಗಳನ್ನು, ಅವರ ಬೇಟೆಯ ಕಾಡುಗಳನ್ನು.

ಸಾವರಿನ್ ಹಿಲ್: ದಿನ ಪೂರ್ತಿ ಇಟ್ಟುಕೊಳ್ಳಿ

1970ರಲ್ಲಿ ತೆರೆದ ಬಯಲು ವಸ್ತುಸಂಗ್ರಹಾಲಯ ಇದು. 1850ರ ದಶಕದ ಗಣಿ ಊರನ್ನು ಹಾಗೆಯೇ ಎಬ್ಬಿಸಿ ನಿಲ್ಲಿಸಿದ್ದಾರೆ. ಅಂಗಡಿ, ಬೇಕರಿ, ಶಾಲೆ, ಗಾಡಿಚಕ್ರದ ಕಾರ್ಖಾನೆ, ಕುದುರೆ ಲಾಯ ಎಲ್ಲವೂ ಕೆಲಸ ಮಾಡುತ್ತಿರುತ್ತವೆ. ಆ ಕಾಲದ ಉಡುಪಿನ ಸಿಬ್ಬಂದಿ ಓಡಾಡುತ್ತಿರುತ್ತಾರೆ. ಒಳಗೆ ಐದಾರು ಗಂಟೆ ಬೇಕೇ ಬೇಕು. ಮಧ್ಯಾಹ್ನ ಒಂದಕ್ಕೆ ಹೋಗಿ ಟಿಕೆಟ್ ಕೊಂಡವರು ಹಣ ಕಳೆದುಕೊಂಡಂತೆಯೇ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ವಾರದ ರಜೆ ಶಾಲಾ ರಜೆಯ ಲೆಕ್ಕದ ಮೇಲೆ ಬದಲಾಗುವುದುಂಟು. ಸೋಮವಾರ ಹೊರಡುವವರು ತೆರೆದಿದೆಯೇ ಎಂದು ಅವರ ಜಾಲತಾಣದಲ್ಲಿ ನೋಡಿಯೇ ಹೊರಡಬೇಕು.

ಒಳಗೆ ಕಾಲಿಟ್ಟ ಕೂಡಲೇ ಆ ದಿನದ ವೇಳಾಪಟ್ಟಿ ತೆಗೆದುಕೊಂಡು ಮೂರಕ್ಕೆ ಗುರುತು ಹಾಕಿ: ಚಿನ್ನ ಕರಗಿಸಿ ಎರೆಯುವುದು, ಕೆಂಪಂಗಿ ಸಿಪಾಯಿಗಳ ಮೆರವಣಿಗೆ, ಮಿಠಾಯಿ ಮಾಡುವುದು. ಮಿಕ್ಕದ್ದನ್ನು ಇವುಗಳ ನಡುವೆ ತುಂಬಿಸಿ. ಚಿನ್ನ ಎರೆಯುವ ಮನೆ ಚಿಕ್ಕದು. ಹತ್ತು ನಿಮಿಷ ಮೊದಲು ಹೋಗದಿದ್ದರೆ ಹಿಂದೆ ನಿಲ್ಲಬೇಕು, ಮಕ್ಕಳಿಗೆ ಏನೂ ಕಾಣುವುದಿಲ್ಲ. ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎರೆಯುವಾಗ ಕಿತ್ತಳೆ ಬಣ್ಣದ ನೀರಿನಂತಿದ್ದದ್ದು ಅಚ್ಚಿನಲ್ಲಿ ಗಟ್ಟಿಯಾಗಿ ಹಳದಿಗೆ ತಿರುಗುವುದನ್ನು ಕಣ್ಣೆದುರೇ ನೋಡಬಹುದು. ಸಿಪಾಯಿಗಳ ಕೋವಿಯ ಸದ್ದು ನಿಜಕ್ಕೂ ಜೋರು; ಕೂಸುಗಳಿದ್ದರೆ ದೂರ ನಿಲ್ಲಿ, ಕಿವಿ ಮುಚ್ಚಿ.

ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸುವುದು ಹೊಳೆಯಲ್ಲಿ ಚಿನ್ನ ತೊಳೆಯುವುದು. ಸಿಕ್ಕ ಕಣ ನಿಮ್ಮದೇ. ಆದರೆ ಬಹಳ ಜನ ಬರಿಗೈಲಿ ಏಳುತ್ತಾರೆ. ಕಾರಣ ಅದೃಷ್ಟವಲ್ಲ, ಕೈಚಳಕ. ಹೀಗೆ ಮಾಡಿ. ಬಾಣಲೆಯ ಅರ್ಧದಷ್ಟು ಮಾತ್ರ ಜಲ್ಲಿ ತುಂಬಿ, ತುಂಬ ಹಾಕಿದರೆ ಅಲ್ಲಾಡುವುದಿಲ್ಲ. ಬಾಣಲೆಯನ್ನು ನೀರಿನೊಳಗೆ ಮುಳುಗಿಸಿ, ಸಮತಟ್ಟಾಗಿ ಹಿಡಿದು, ಎಡಕ್ಕೂ ಬಲಕ್ಕೂ ಚೆನ್ನಾಗಿ ಕುಲುಕಿ. ಈ ಹಂತಕ್ಕೆ ಅರ್ಧ ನಿಮಿಷವಾದರೂ ಕೊಡಿ. ಚಿನ್ನ ನೀರಿಗಿಂತ 19 ಪಟ್ಟು ತೂಕದ್ದು, ಮರಳು ಮೂರು ಪಟ್ಟೂ ಇಲ್ಲ. ಕುಲುಕಿದಷ್ಟೂ ಚಿನ್ನ ತಳ ಸೇರುತ್ತದೆ. ಆಮೇಲಷ್ಟೇ ಬಾಣಲೆಯನ್ನು ಮುಂದಕ್ಕೆ ಓರೆಮಾಡಿ, ನೀರು ಮೇಲಿನ ಮರಳನ್ನು ಎಳೆದುಕೊಂಡು ಹೋಗುವಂತೆ ಮೆಲ್ಲಗೆ ಅದ್ದಿ ತೆಗೆಯಿರಿ. ದೊಡ್ಡ ಕಲ್ಲುಗಳನ್ನು ಕೈಯಲ್ಲೇ ಎತ್ತಿ ಬಿಸಾಡಿ. ನಾಲ್ಕೈದು ಸಲ ಅದ್ದಿದ ಮೇಲೆ ಮತ್ತೆ ಸಮತಟ್ಟಾಗಿ ಹಿಡಿದು ಕುಲುಕಿ, ಮತ್ತೆ ಓರೆಮಾಡಿ. ಕೊನೆಗೆ ಒಂದು ಚಮಚದಷ್ಟು ಕಪ್ಪು ಮರಳು ಉಳಿದಾಗ ಅದರ ಅಂಚಿನಲ್ಲಿ ಕಣ ಕಾಣುತ್ತದೆ.

ಎಡವುವುದು ಎಲ್ಲಿ ಅಂದರೆ, ಸಿನಿಮಾದಲ್ಲಿ ನೋಡಿದಂತೆ ಮೊದಲಿನಿಂದಲೇ ಗರಗರ ತಿರುಗಿಸುವುದರಲ್ಲಿ. ಚಿನ್ನ ತಳಕ್ಕೆ ಇಳಿಯುವ ಮೊದಲೇ ಮರಳಿನ ಜೊತೆ ಹೊರಗೆ ಹೋಗಿರುತ್ತದೆ. ಇನ್ನೊಂದು ಎಡವಟ್ಟು, ಹೊಳೆಯುವುದನ್ನೆಲ್ಲ ಚಿನ್ನ ಎನ್ನುವುದು. ಕಾಗೆಬಂಗಾರ ಬಿಸಿಲಿಗೆ ಹಿಡಿದಾಗ ಮಿನುಗಿ, ಕೈ ನೆರಳು ಮಾಡಿದರೆ ಮಂಕಾಗುತ್ತದೆ. ಚಿನ್ನ ನೆರಳಲ್ಲೂ ಅದೇ ಹಳದಿ. ಸಿಕ್ಕ ಕಣವನ್ನು ಉಗುರಿನಿಂದ ಕೆರೆಯಲು ಹೋಗಬೇಡಿ. ಒಣ ಬೆರಳ ತುದಿಯಿಂದ ಒತ್ತಿದರೆ ಅಂಟಿಕೊಳ್ಳುತ್ತದೆ. ನೀರು ತುಂಬಿದ ಪುಟ್ಟ ಸೀಸೆಯ ಬಾಯಿಗೆ ಬೆರಳು ಮುಟ್ಟಿಸಿದರೆ ಅದಾಗಿ ಒಳಗಿಳಿಯುತ್ತದೆ. ಚಳಿಗಾಲದಲ್ಲಿ ಆ ನೀರು ಮಂಜಿನಷ್ಟು ತಣ್ಣಗಿರುತ್ತದೆ, ಮಕ್ಕಳಿಗೆ ಒಂದು ಜೊತೆ ಕಾಲುಚೀಲ, ಒಂದು ಟವೆಲ್ ಹೆಚ್ಚಿಗೆ ಇಟ್ಟುಕೊಳ್ಳಿ.

ಇಲ್ಲಿನ ರೆಡ್ ಹಿಲ್ ಗಣಿಯಲ್ಲಿ ನೀವೇ ಮೆಟ್ಟಿಲಿಳಿದು ಹೋಗಿ, 1858ರಲ್ಲಿ ಬ್ಯಾಲರಟ್‌ನ ಬೇಕರಿ ಹಿಲ್‌ನಲ್ಲಿ ಸಿಕ್ಕ ಸುಮಾರು 69 ಕಿಲೋ ತೂಕದ ‘ವೆಲ್‌ಕಮ್’ ಗಟ್ಟಿಯ ಕಥೆ ಕೇಳಿ ಬರಬಹುದು. ಕುದುರೆ ಗಾಡಿ, ಮೇಣದಬತ್ತಿ ಅದ್ದುವುದು, ಹಳೆಯ ಉಡುಪಿನ ಫೋಟೊ ಇವಕ್ಕೆಲ್ಲ ಪ್ರವೇಶ ಟಿಕೆಟ್ ಮೇಲೆ ಬೇರೆ ಹಣ. ಮೂರು ಮಕ್ಕಳಿದ್ದರೆ ಇದೇ ಸಾಕಷ್ಟು ಬೆಳೆಯುತ್ತದೆ, ಒಳಗೆ ಹೋಗುವ ಮುಂಚೆ ಯಾವುದು ಹೌದು ಯಾವುದು ಅಲ್ಲ ಎಂದು ಮಕ್ಕಳ ಹತ್ತಿರ ಮಾತಾಡಿಕೊಂಡಿರಿ. ಮಿಠಾಯಿ ಅಂಗಡಿಯ ರಾಸ್‌ಬೆರಿ ಡ್ರಾಪ್ಸ್ ಸಕ್ಕರೆ ಪಾಕ ಕುದಿಸಿ ಮಾಡಿದ ಗಟ್ಟಿ ಮಿಠಾಯಿ. ಮೆತ್ತನೆಯ ಜೆಲ್ಲಿ ಬಗೆಯವುಗಳಲ್ಲಿ ಜೆಲಟಿನ್ ಇರುತ್ತದೆ, ಸಸ್ಯಾಹಾರಿಗಳು ಚೀಟಿ ಓದಿ ಕೊಳ್ಳಬೇಕು.

ಈ ಜಾಗದ ದೊಡ್ಡ ತೊಂದರೆ ನೆಲ. ಹೆಸರಿಗೆ ತಕ್ಕಂತೆ ಇದು ಗುಡ್ಡ. ಮುಖ್ಯ ಬೀದಿಯೇ ಇಳಿಜಾರು, ಮೇಲೆ ಜಲ್ಲಿ ಮಣ್ಣು. ಮಳೆ ಬಂದರೆ ಕೆಸರು, ಬೇಸಿಗೆಯಲ್ಲಿ ಧೂಳು. ಎಪ್ಪತ್ತು ದಾಟಿದವರು ಒಮ್ಮೆ ಹೊಳೆಗಿಳಿದು ಮತ್ತೆ ಏರುವಷ್ಟರಲ್ಲಿ ಸುಸ್ತಾಗಿ ಕೂತುಬಿಡುತ್ತಾರೆ. ಸೀರೆ ಉಟ್ಟವರು ಚಪ್ಪಲಿಯಲ್ಲಿ ನಡೆಯುವುದು ಕಷ್ಟ, ಶೂ ಹಾಕಿಸಿ.

ಬ್ಯಾಲರಟ್‌ನ ಉಳಿದದ್ದು

ಯುರೇಕಾ ಸೆಂಟರ್ ದಂಗೆ ನಡೆದ ಜಾಗದಲ್ಲೇ ಇದೆ. ನೀಲಿ ಬಟ್ಟೆಯ ಮೇಲೆ ಬಿಳಿ ಶಿಲುಬೆ, ಐದು ನಕ್ಷತ್ರ ಹೊಲಿದ ಮೂಲ ಧ್ವಜವನ್ನು ಮಂದ ಬೆಳಕಿನ ಕೋಣೆಯಲ್ಲಿ ಇಟ್ಟಿದ್ದಾರೆ. ಹಿಂದೆ ಜನ ನೆನಪಿಗೆಂದು ತುಂಡು ತುಂಡು ಕತ್ತರಿಸಿಕೊಂಡು ಹೋದದ್ದರಿಂದ ಅದರ ಒಂದು ಭಾಗವೇ ಇಲ್ಲ. ಮೇಲಿನ ಕಥೆ ತಿಳಿದಿದ್ದರೆ ಇಲ್ಲಿ ಮುಕ್ಕಾಲು ಗಂಟೆ ಸಾರ್ಥಕ. ಕಥೆ ಬೇಡದವರಿಗೆ, ಚಿಕ್ಕ ಮಕ್ಕಳಿಗೆ ಇದು ಬೇಜಾರು.

ವನ್ಯಜೀವಿ ಪಾರ್ಕ್ ಅಲ್ಲಿಂದ ಕಾರಿನಲ್ಲಿ ಐದು ನಿಮಿಷ. ಕಾಂಗರೂಗಳು ಬಯಲಲ್ಲಿ ಓಡಾಡಿಕೊಂಡಿರುತ್ತವೆ. ಅಲ್ಲೇ ಮಾರುವ ಮೇವನ್ನು ಅಂಗೈ ಚಪ್ಪಟೆ ಹಿಡಿದು ತಿನ್ನಿಸಬಹುದು. ಬೆರಳು ಮಡಿಚಿದರೆ ಕಚ್ಚಿಸಿಕೊಳ್ಳುತ್ತೀರಿ. ಮನೆಯಿಂದ ತಂದ ಬ್ರೆಡ್ ಹಾಕಬೇಡಿ, ಅವುಗಳ ಬಾಯಿಗೂ ಹೊಟ್ಟೆಗೂ ಕೆಡುಕು. ಕೊಆಲಾ, ಟಾಸ್ಮೇನಿಯನ್ ಡೆವಿಲ್ ಕೂಡ ಇವೆ. ಎರಡೂವರೆ ಗಂಟೆ ಬೇಕು. ಇದನ್ನೂ ಸಾವರಿನ್ ಹಿಲ್ಲನ್ನೂ ಒಂದೇ ದಿನಕ್ಕೆ ತುರುಕುವುದು ಬ್ಯಾಲರಟ್‌ಗೆ ಬರುವವರು ಮಾಡುವ ಸಾಮಾನ್ಯ ತಪ್ಪು. ಮೂರು ವರ್ಷದೊಳಗಿನ ಮಕ್ಕಳಿದ್ದರೆ ಸಾವರಿನ್ ಹಿಲ್ ಬಿಟ್ಟು ಈ ಪಾರ್ಕು ಮತ್ತು ಕೆರೆ, ಇಷ್ಟನ್ನೇ ಮಾಡಿ. ಅರ್ಧ ಖರ್ಚಿನಲ್ಲಿ ಎರಡರಷ್ಟು ನೆಮ್ಮದಿ.

ಕೆರೆ ಎಂದರೆ ಲೇಕ್ ವೆಂಡೂರಿ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ದೋಣಿ ಸ್ಪರ್ಧೆ ನಡೆದದ್ದು ಇಲ್ಲೇ. ಸುತ್ತು ಹಾಕಲು ಆರು ಕಿಲೋಮೀಟರ್, ಪೂರ್ತಿ ಸಮತಟ್ಟು. ಪಡುವಣ ದಡದ ಸಸ್ಯೋದ್ಯಾನದಲ್ಲಿ ಆಸ್ಟ್ರೇಲಿಯಾದ ಪ್ರಧಾನಿಗಳ ಕಂಚಿನ ತಲೆಗಳ ಸಾಲಿದೆ, ವಾರಾಂತ್ಯ ಓಡುವ ಹಳೆ ಟ್ರ್ಯಾಮ್ ಇದೆ, ಮಾರ್ಚ್ ತಿಂಗಳ ಲೇಬರ್ ಡೇ ರಜೆಯ ಹೊತ್ತಿಗೆ ಬೆಗೋನಿಯಾ ಹೂಗಳ ಉತ್ಸವ ನಡೆಯುತ್ತದೆ. ಬುತ್ತಿ ಬಿಚ್ಚಿ ಕೂರಲು ಊರಿನಲ್ಲೇ ಒಳ್ಳೆಯ ಜಾಗ ಇದು. ಪೇಟೆಯ ಲಿಡಿಯಾರ್ಡ್ ಬೀದಿಯಲ್ಲಿ 1884ರಲ್ಲಿ ಶುರುವಾದ ಕಲಾ ಗ್ಯಾಲರಿಯಿದೆ.

ಬೆಂಡಿಗೊ: ಒಂದು ಗೆರೆಯ ಮೇಲಿನ ಊರು

ಬೆಂಡಿಗೊದ ಅನುಕೂಲ ಇಷ್ಟು: ನೋಡುವ ಜಾಗಗಳಲ್ಲಿ ಮುಖ್ಯವಾದವು ಒಂದೇ ಟ್ರ್ಯಾಮ್ ಹಳಿಯ ಮೇಲಿವೆ. ಒಂದು ತುದಿಯಲ್ಲಿ ಸೆಂಟ್ರಲ್ ಡೆಬೊರಾ ಚಿನ್ನದ ಗಣಿ, ನಡುವೆ ಅಲೆಕ್ಸಾಂಡ್ರಾ ಕಾರಂಜಿ, ಪಾಲ್ ಮಾಲ್ ಬೀದಿ, ಗೋಲ್ಡನ್ ಡ್ರ್ಯಾಗನ್ ಮ್ಯೂಸಿಯಂ, ಟ್ರ್ಯಾಮ್ ಡಿಪೊ, ಇನ್ನೊಂದು ತುದಿಯಲ್ಲಿ ಚೀನೀಯರ ಜಾಸ್ ಹೌಸ್ ಗುಡಿ. ವಿವರಣೆ ಹೇಳುತ್ತ ಓಡುವ ಈ ಹಳೆಯ ಟ್ರ್ಯಾಮಿಗೆ ಒಂದು ಟಿಕೆಟ್ ಕೊಂಡು ಬೇಕಾದಲ್ಲಿ ಇಳಿದು ಹತ್ತಬಹುದು. ಮಂಡಿ ನೋವಿರುವ ಅಮ್ಮನನ್ನು ಕೂರಿಸಿಕೊಂಡೇ ಊರು ತೋರಿಸಲು ಇದಕ್ಕಿಂತ ಸುಲಭದ ದಾರಿ ಬ್ಯಾಲರಟ್‌ನಲ್ಲಿ ಇಲ್ಲ. ಟ್ರ್ಯಾಮಿನ ಮೆಟ್ಟಿಲು ಮಾತ್ರ ಎತ್ತರ, ಹತ್ತುವಾಗ ಕೈ ಕೊಡಿ. ರೈಲು ನಿಲ್ದಾಣದಿಂದ ಗಣಿಗೆ ಕಾಲ್ನಡಿಗೆಯಲ್ಲೇ ಹೋಗಬಹುದು.

ಸೆಂಟ್ರಲ್ ಡೆಬೊರಾ 1939ರಿಂದ 1954ರವರೆಗೆ ನಡೆದ ಗಣಿ. 17 ಅಂತಸ್ತು, 400 ಮೀಟರ್ ಮೀರಿದ ಆಳ. ಒಟ್ಟು ಒಂದು ಟನ್ನಿಗಿಂತ ಸ್ವಲ್ಪ ಕಡಿಮೆ ಚಿನ್ನ ಕೊಟ್ಟಿತು. ಇದು ತೋರಿಕೆಗೆ ಕಟ್ಟಿದ್ದಲ್ಲ ಎನ್ನುವುದೇ ಇದರ ಹೆಚ್ಚುಗಾರಿಕೆ. ತಲೆಗೆ ಗಟ್ಟಿ ಟೋಪಿ, ಹಣೆಗೆ ದೀಪ ಕಟ್ಟಿಕೊಂಡು ಗಣಿಯ ಲಿಫ್ಟ್ ಪಂಜರದಲ್ಲೇ ಇಳಿಯುತ್ತೀರಿ. ಸಾಮಾನ್ಯ ಪ್ರವಾಸ 61 ಮೀಟರ್ ಆಳಕ್ಕೆ, ಒಂದೂಕಾಲು ಗಂಟೆ. 85 ಮೀಟರ್ ಆಳದ ಇನ್ನೊಂದು ಪ್ರವಾಸಕ್ಕೆ ಹೆಚ್ಚು ಹೊತ್ತು, ಹೆಚ್ಚು ಹಣ, ಮೈಕೈಗೆ ಹೆಚ್ಚು ಕೆಲಸ. ಮೊದಲ ಸಲಕ್ಕೆ 61 ಮೀಟರೇ ಸಾಕು. ಗೋಡೆಯಲ್ಲಿ ಬೆಣಚಿನ ಬಿಳಿ ಪಟ್ಟೆಯನ್ನು ಕೈಯಿಂದ ಮುಟ್ಟಬಹುದು. ದೀಪಗಳನ್ನೆಲ್ಲ ಆರಿಸಿದಾಗ ಕಣ್ಣೆದುರು ಹಿಡಿದ ಸ್ವಂತ ಕೈಯೂ ಕಾಣುವುದಿಲ್ಲ. ಕೆಜಿಎಫ್ 2001ರಲ್ಲಿ ಮುಚ್ಚಿತು. ಮೂರು ಕಿಲೋಮೀಟರ್ ಆಳ ಹೋಗಿದ್ದ ಆ ಗಣಿಗೆ ಇಳಿಯುವ ಅವಕಾಶ ಇಂದು ನಮಗಿಲ್ಲ. ಕೋಲಾರದ ಕಡೆಯವರು, ಅಜ್ಜನೋ ಮುತ್ತಜ್ಜನೋ ಗಣಿಯಲ್ಲಿ ದುಡಿದ ಮನೆಯವರು ಇದ್ದರೆ ಅವರಿಗೆ ನಾವು ಎರಡನೇ ಮಾತಿಲ್ಲದೆ ಹೇಳುವುದು ಬೆಂಡಿಗೊ.

ಗಣಿಗೆ ಇಳಿಯುವ ಮುನ್ನ ಮೂರು ಮಾತು. ಬೆರಳು ಮುಚ್ಚುವ ಶೂ ಕಡ್ಡಾಯ, ಚಪ್ಪಲಿಯಲ್ಲಿ ಬಿಡುವುದಿಲ್ಲ. ಹೊರಗೆ 38 ಡಿಗ್ರಿ ಇದ್ದರೂ ಕೆಳಗೆ ತಂಪು ಮತ್ತು ತೇವ, ತೆಳ್ಳನೆಯ ಸ್ವೆಟರ್ ಇರಲಿ. ಇಕ್ಕಟ್ಟಾದ ಜಾಗದಲ್ಲಿ ಉಸಿರು ಕಟ್ಟಿದಂತಾಗುವವರು ಕೆಳಗೆ ಹೋಗಿ ಪೇಚಾಡುವ ಬದಲು ಮೇಲಿನ ಎಂಜಿನ್ ಮನೆ, ಗಣಿಗಾರರು ಬಟ್ಟೆ ಬದಲಿಸುತ್ತಿದ್ದ ಕೋಣೆ ನೋಡಿಕೊಂಡಿರುವುದು ಒಳ್ಳೆಯದು. ಪ್ರವಾಸದ ಹೊತ್ತನ್ನು ಮೊದಲೇ ಬುಕ್ ಮಾಡಿ, ಮಕ್ಕಳ ವಯಸ್ಸಿನ ಮಿತಿಯನ್ನು ಆಗಲೇ ನೋಡಿಕೊಳ್ಳಿ. ಒಂದು ಪಂಜರದಲ್ಲಿ ಹಿಡಿಯುವಷ್ಟೇ ಜನರ ತಂಡ ಹೋಗುವುದರಿಂದ ಶಾಲಾ ರಜೆಯಲ್ಲಿ ನೇರ ಹೋದವರಿಗೆ ಮಧ್ಯಾಹ್ನದ ತಂಡದಲ್ಲಿ ಜಾಗ ಸಿಕ್ಕರೆ ಪುಣ್ಯ.

ಗೋಲ್ಡನ್ ಡ್ರ್ಯಾಗನ್ ಮ್ಯೂಸಿಯಂ ಅನ್ನು ತಪ್ಪಿಸಬೇಡಿ. ಚಿನ್ನದ ಕಾಲದಲ್ಲಿ ದಕ್ಷಿಣ ಚೀನಾದಿಂದ ಸಾವಿರಾರು ಜನ ಬಂದರು. 1855ರಲ್ಲಿ ವಿಕ್ಟೋರಿಯಾ ಸರ್ಕಾರ ಹಡಗಿನಲ್ಲಿ ಬರುವ ಪ್ರತಿ ಚೀನೀಯನಿಗೆ ಹತ್ತು ಪೌಂಡ್ ತಲೆಗಂದಾಯ ಹಾಕಿತು. ಅದನ್ನು ತಪ್ಪಿಸಿಕೊಳ್ಳಲು ಪಕ್ಕದ ರಾಜ್ಯದ ರೋಬ್ ಬಂದರಿನಲ್ಲಿ ಇಳಿದು, ಅಲ್ಲಿಂದ ನೂರಾರು ಕಿಲೋಮೀಟರ್ ನಡೆದೇ ಬಂದರು. ಹೀಗೆ ಬಂದವರ ಮಕ್ಕಳು ಮೊಮ್ಮಕ್ಕಳು ಊರಿನ ಆಸ್ಪತ್ರೆಗೆ ಹಣ ಕೂಡಿಸಲು ಈಸ್ಟರ್ ಮೆರವಣಿಗೆಯಲ್ಲಿ ಡ್ರ್ಯಾಗನ್ ಹೊತ್ತು ಕುಣಿದರು. ಆ ಈಸ್ಟರ್ ಜಾತ್ರೆ 1871ರಿಂದ ನಡೆದುಬಂದಿದೆ. 1901ರಲ್ಲಿ ಆಸ್ಟ್ರೇಲಿಯಾ ಒಂದು ರಾಷ್ಟ್ರವಾದ ಸಂಭ್ರಮದ ಮೆರವಣಿಗೆಯಲ್ಲಿ ಸಾಗಿದ್ದ ಡ್ರ್ಯಾಗನ್ ‘ಲೂಂಗ್’ ಇಲ್ಲಿದೆ. 1970ರಲ್ಲಿ ಬಂದ ‘ಸುನ್ ಲೂಂಗ್’ ನೂರು ಮೀಟರಿನಷ್ಟು ಉದ್ದ. ಈಗ ಮೆರವಣಿಗೆಗೆ ಹೋಗುವುದು 2019ರಲ್ಲಿ ಬಂದ ‘ದಾಯ್ ಗುಮ್ ಲೂಂಗ್’, ಸುಮಾರು 125 ಮೀಟರ್. ಸುತ್ತುಸುತ್ತಾಗಿ ಹರಡಿಟ್ಟ ಆ ಮೈಯ ಒಂದೊಂದು ಪೊರೆಯ ಮೇಲೂ ಪುಟಾಣಿ ಕನ್ನಡಿ ಹೊಲಿದಿರುವುದನ್ನು ಹತ್ತಿರದಿಂದ ನೋಡಿ. ಒಂದೂವರೆ ಗಂಟೆ ಇಡಿ, ಪಕ್ಕದ ಚೀನೀ ತೋಟಕ್ಕೂ ಸೇರಿಸಿ.

ಪಕ್ಕದಲ್ಲೇ ರೋಸಲಿಂಡ್ ಪಾರ್ಕ್. ಗಣಿಯ ಹಳೆಯ ಕಬ್ಬಿಣದ ಗೋಪುರವನ್ನು ತಂದು ನಿಲ್ಲಿಸಿ ಮೆಟ್ಟಿಲು ಹಾಕಿದ್ದಾರೆ, ಹತ್ತಿದರೆ ಊರು ಪೂರ್ತಿ ಕಾಣುತ್ತದೆ. ಮರಗಳಲ್ಲಿ ನೇತಾಡುವ ದೊಡ್ಡ ಬಾವಲಿಗಳು ಮಕ್ಕಳಿಗೆ ಖುಷಿ. ಕೆಳಗೆ ಬಿದ್ದದ್ದನ್ನು ಮಾತ್ರ ಮುಟ್ಟಲು ಬಿಡಬೇಡಿ, ಕಚ್ಚಿದರೆ ರೇಬಿಸ್ ಜಾತಿಯ ವೈರಸ್ಸಿನ ಭಯವಿದೆ. ಎದುರಿನ ದಿಬ್ಬದ ಸೇಕ್ರೆಡ್ ಹಾರ್ಟ್ ಚರ್ಚಿನ ಕೆಲಸ 1890ರ ದಶಕದಲ್ಲಿ ಶುರುವಾಗಿ ಮುಗಿದದ್ದು 1977ರಲ್ಲಿ. ಕಲಾ ಗ್ಯಾಲರಿ ಉಡುಪು-ವಿನ್ಯಾಸದ ದೊಡ್ಡ ಪ್ರದರ್ಶನಗಳಿಗೆ ದೇಶದಲ್ಲೇ ಹೆಸರಾದದ್ದು; ಹೋಗುವ ವಾರ ತೆರೆದಿದೆಯೇ ನೋಡಿಕೊಳ್ಳಿ. 1858ರಲ್ಲಿ ಶುರುವಾದ, ಈಗ ಎಪ್ಸಮ್ ಬಡಾವಣೆಯಲ್ಲಿರುವ ಬೆಂಡಿಗೊ ಪಾಟರಿಯಲ್ಲಿ ಇಟ್ಟಿಗೆಯ ಹಳೆ ಆವಿಗೆಗಳ ಒಳಗೇ ನಡೆದು ನೋಡಬಹುದು, ಮಕ್ಕಳು ಜೇಡಿಮಣ್ಣು ಮೆತ್ತಬಹುದು. ಮಾಡಿದ ಕುಡಿಕೆ ಒಣಗಿ ಬೇಯಲು ದಿನಗಳು ಬೇಕು, ಅಂದೇ ಕೈಗೆ ಸಿಗುವುದಿಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿಡಿ.

ಕಾರಿದ್ದರೆ ಊರಾಚೆ ಮೈಯರ್ಸ್ ಫ್ಲ್ಯಾಟ್‌ನ ಮಹಾಸ್ತೂಪಕ್ಕೆ ಹೋಗಿ. ಟಿಬೆಟ್ಟಿನ ಗ್ಯಾಂಟ್ಸೆ ಸ್ತೂಪದ ಮಾದರಿಯಲ್ಲಿ ಕಟ್ಟಿದ್ದು, ಐವತ್ತು ಮೀಟರಿನ ಹತ್ತಿರ ಎತ್ತರ. ಕೆನಡಾದಲ್ಲಿ ಸಿಕ್ಕ 18 ಟನ್ನಿನ ಹಸಿರು ಜೇಡ್ ಬಂಡೆಯಿಂದ ಕಡೆದ ಬುದ್ಧ, ಪೀಠ ಬಿಟ್ಟೇ ಎರಡೂವರೆ ಮೀಟರ್, ಒಳಗಿದ್ದಾನೆ. ಬೈಲಕುಪ್ಪೆ ನೋಡಿದವರಿಗೆ ಪ್ರಾರ್ಥನಾ ಚಕ್ರ, ಬಣ್ಣದ ಬಾವುಟಗಳು ಹೊಸದಲ್ಲ. ನೀಲಗಿರಿ ಜಾತಿಯ ಕಾಡಿನ ನಡುವೆ ಅದೇ ಪರಂಪರೆ ಎದ್ದು ನಿಂತದ್ದು ಹೊಸದು. ಹಿರಿಯರು ಇಲ್ಲಿ ತಾವಾಗಿಯೇ ಒಂದು ಗಂಟೆ ಕೂತುಬಿಡುತ್ತಾರೆ. ಬಸ್ಸಿಗೆ ಕಾದು ಹೋಗುವ ಜಾಗವಲ್ಲ, ಬೆಂಡಿಗೊದಿಂದ ಟ್ಯಾಕ್ಸಿ ಮಾಡಿದರೆ ವಾಪಸಿನ ಹೊತ್ತನ್ನೂ ಆಗಲೇ ಗೊತ್ತು ಮಾಡಿಕೊಳ್ಳಿ.

ದಾರಿ, ಹವೆ, ಊಟ

ಮೆಲ್ಬರ್ನ್‌ನಿಂದ ಬ್ಯಾಲರಟ್ ಸುಮಾರು 115 ಕಿಲೋಮೀಟರ್, ಬೆಂಡಿಗೊ 150. ವಿ-ಲೈನ್ ರೈಲು ಎರಡೂ ಕಡೆಗೆ ಮೆಲ್ಬರ್ನ್‌ನ ಸದರ್ನ್ ಕ್ರಾಸ್ ನಿಲ್ದಾಣದಿಂದ ಹೊರಡುತ್ತದೆ. ಬ್ಯಾಲರಟ್‌ಗೆ ಒಂದೂವರೆ ಗಂಟೆಯೊಳಗೆ, ಬೆಂಡಿಗೊಗೆ ಎರಡು ಗಂಟೆಯ ಆಸುಪಾಸು. ಮೆಲ್ಬರ್ನ್‌ನ ಬಸ್ಸು ರೈಲುಗಳಿಗೆ ಬಳಸುವ ಮೈಕಿ ಕಾರ್ಡೇ ನಡೆಯುತ್ತದೆ. 2023ರ ಮಾರ್ಚ್ ಕೊನೆಯಿಂದ ಹಳ್ಳಿಗಾಡಿನ ರೈಲಿಗೂ ಮೆಲ್ಬರ್ನ್ ನಗರದ ದಿನದ ದರವೇ ಗರಿಷ್ಠ ಮಿತಿ. ಇದರಿಂದ ಇಬ್ಬರು ಹೋಗುವುದಾದರೆ ಪೆಟ್ರೋಲಿಗಿಂತ ರೈಲೇ ಅಗ್ಗ. ವಾರಾಂತ್ಯ ಹಳಿ ಕೆಲಸವಿದ್ದರೆ ರೈಲಿನ ಬದಲು ಬಸ್ ಓಡಿಸುತ್ತಾರೆ, ಆಗ ಮುಕ್ಕಾಲು ಗಂಟೆ ಹೆಚ್ಚೆಂದು ಲೆಕ್ಕ ಹಾಕಿ. ಬ್ಯಾಲರಟ್‌ನಲ್ಲಿ ರೈಲಿಳಿದ ಮೇಲೆ ಸಾವರಿನ್ ಹಿಲ್‌ಗೆ ಊರಿನ ಬಸ್ ಹಿಡಿಯಬೇಕು. ಕೆರೆ ಒಂದು ದಿಕ್ಕು, ಗುಡ್ಡ ಇನ್ನೊಂದು ದಿಕ್ಕು. ಭಾನುವಾರ ಬಸ್ಸುಗಳು ವಿರಳ. ರೈಲಿನವರಿಗೆ ಬೆಂಡಿಗೊ ಎಂದು ಹೇಳಿದ್ದು ಇದಕ್ಕೇ.

ಬ್ಯಾಲರಟ್ ಸಮುದ್ರಮಟ್ಟದಿಂದ 435 ಮೀಟರ್ ಎತ್ತರದಲ್ಲಿದೆ. ಜುಲೈನಲ್ಲಿ ಮಧ್ಯಾಹ್ನವೂ ಹತ್ತು ಡಿಗ್ರಿ ದಾಟಿದರೆ ಹೆಚ್ಚು, ಅದರ ಮೇಲೆ ಗಾಳಿ. ಮೆಲ್ಬರ್ನ್‌ನಲ್ಲಿ ಬಿಸಿಲಿದೆ ಎಂದು ಒಂದೇ ಜಾಕೆಟ್ಟಿನಲ್ಲಿ ಹೊರಟ ಬೆಂಗಳೂರಿನ ಹಿರಿಯರು ಅಲ್ಲಿ ನಡುಗುತ್ತಾರೆ. ಒಳಗೆ ಉಣ್ಣೆ, ಮೇಲೆ ಗಾಳಿ ತಡೆಯುವ ಕೋಟು, ಕಿವಿ ಮುಚ್ಚುವ ಟೋಪಿ ಮೂರೂ ಬೇಕು. ಬೆಂಡಿಗೊ ಅದರ ಅರ್ಧ ಎತ್ತರದಲ್ಲಿದೆ, ಮಳೆಯೂ ಕಡಿಮೆ. ಚಳಿಗಾಲದ ಹಗಲು ಹಿತ. ಬೇಸಿಗೆಯಲ್ಲಿ ಮಾತ್ರ 35 ದಾಟುವ ದಿನಗಳು ಬೇಕಾದಷ್ಟು. ಅಂಥ ದಿನ ಬೆಂಡಿಗೊಗೇ ಹೋಗಬೇಕಾದರೆ ಸ್ತೂಪ ಮತ್ತು ಪಾರ್ಕನ್ನು ಬೆಳಿಗ್ಗೆ ಮುಗಿಸಿ, ಹನ್ನೆರಡರಿಂದ ಮೂರರವರೆಗೆ ಗಣಿಯಲ್ಲೋ ಮ್ಯೂಸಿಯಂನಲ್ಲೋ ಇರಿ. ಬಿಸಿಗಾಳಿಯ ದಿನಗಳಲ್ಲಿ ಕಾಳ್ಗಿಚ್ಚಿನ ಎಚ್ಚರಿಕೆಗೆ ‘ವಿಕ್‌ಎಮರ್ಜೆನ್ಸಿ’ ಆ್ಯಪ್ ಫೋನಿನಲ್ಲಿರಲಿ.

ಊಟಕ್ಕೆ ಎರಡೂ ಊರಲ್ಲಿ ಭಾರತೀಯ ಹೋಟೆಲುಗಳಿವೆ, ಆದರೆ ಮಧ್ಯಾಹ್ನ ಎರಡೂವರೆಗೆ ಒಲೆ ಆರಿಸಿ ಸಂಜೆ ಐದರವರೆಗೆ ಮುಚ್ಚುವವರೇ ಹೆಚ್ಚು. ರಾತ್ರಿ ಎಂಟೂವರೆ ಮೇಲೆ ಊಟ ಹುಡುಕುವುದು ಕಷ್ಟ. ಚಿತ್ರಾನ್ನವೋ ಚಪಾತಿ ಪಲ್ಯವೋ ಕಟ್ಟಿಕೊಂಡು ಹೋದರೆ ದಿನ ಹಗುರ. 2019ರಲ್ಲಿ ಯುನೆಸ್ಕೊ ಬೆಂಡಿಗೊವನ್ನು ಅಡುಗೆಯ ಸೃಜನಶೀಲ ನಗರವೆಂದೂ ಬ್ಯಾಲರಟ್ಟನ್ನು ಕರಕುಶಲದ ನಗರವೆಂದೂ ಗುರುತಿಸಿತು. ತಿಂಡಿ ತಿನಿಸಿಗಾಗಿಯೇ ಹೋಗುವವರು ಬೆಂಡಿಗೊ ಕಡೆ ವಾಲಬಹುದು.

ಉಳಿಯುವುದಾದರೆ ಈಸ್ಟರ್‌ಗೆ ಬೆಂಡಿಗೊದಲ್ಲಿ, ಮಾರ್ಚ್ ಉದ್ದ ವಾರಾಂತ್ಯಕ್ಕೆ ಬ್ಯಾಲರಟ್‌ನಲ್ಲಿ ಕೋಣೆಯನ್ನು ತಿಂಗಳುಗಳ ಮೊದಲೇ ಹಿಡಿಯಬೇಕು.

ಎರಡು ದಿನ ಇದ್ದವರಿಗೆ

ಮೊದಲ ದಿನ ಸಾವರಿನ್ ಹಿಲ್, ರಾತ್ರಿ ಬ್ಯಾಲರಟ್‌ನಲ್ಲೇ. ಮರುದಿನ ಬೆಳಿಗ್ಗೆ ಎಂಟಕ್ಕೆ ಹೊರಟು ಡೇಲ್ಸ್‌ಫರ್ಡ್, ಕಾಸಲ್‌ಮೇನ್ ಮೇಲೆ ಬೆಂಡಿಗೊ. ಡೇಲ್ಸ್‌ಫರ್ಡ್ ಪಕ್ಕದ ಹೆಪ್ಬರ್ನ್ ಸ್ಪ್ರಿಂಗ್ಸ್‌ನಲ್ಲಿ ಕೈಪಂಪು ಒತ್ತಿದರೆ ಗುಳ್ಳೆಗುಳ್ಳೆಯ ಖನಿಜ ನೀರು ಬರುತ್ತದೆ. ಒಂದು ಪಂಪಿನದು ಕಬ್ಬಿಣದ ರುಚಿ, ಇನ್ನೊಂದರದು ಬರೀ ಸೋಡಾ. ಎರಡು ಖಾಲಿ ಬಾಟಲಿ ಜೊತೆಗಿರಲಿ. ಅಲ್ಲಿ ಅರ್ಧ ಗಂಟೆ ಸಾಕು. ಹನ್ನೊಂದಕ್ಕೆ ಬೆಂಡಿಗೊ ಮುಟ್ಟಿ ಗಣಿ, ಟ್ರ್ಯಾಮ್, ಡ್ರ್ಯಾಗನ್ ಇಷ್ಟೇ ಮಾಡಿ, ಸ್ತೂಪ ಇನ್ನೊಮ್ಮೆಗಿರಲಿ.

ಚಿನ್ನ ಹುಡುಕುವ ಹುಚ್ಚು ಹತ್ತಿದವರು ವಿಕ್ಟೋರಿಯಾ ಸರ್ಕಾರದಿಂದ ಇಂದಿನ ‘ಮೈನರ್ಸ್ ರೈಟ್’ ಕೊಳ್ಳಬಹುದು. ಒಮ್ಮೆ ಕೊಂಡರೆ ಹತ್ತು ವರ್ಷ ನಡೆಯುತ್ತದೆ. ಕೈ ಉಪಕರಣ ಮಾತ್ರ ಬಳಸಬೇಕು, ತೋಡಿದ ಗುಂಡಿ ಮುಚ್ಚಿ ಬರಬೇಕು. ಹೆಚ್ಚಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಹುಡುಕುವಂತಿಲ್ಲ, ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಬೇಕು.

ವಾಪಸಾಗುವಾಗ ಬೆಂಡಿಗೊದಿಂದ ನೇರ ಕಾಲ್ಡರ್ ಹೆದ್ದಾರಿ ಹಿಡಿಯಿರಿ. ಬಂದ ಒಳದಾರಿಯಲ್ಲಿ ಮುಸ್ಸಂಜೆ ಹೊತ್ತು ಹಿಂತಿರುಗುವುದು ಬೇಡ. ಸೂರ್ಯ ಮುಳುಗುವ ಆಸುಪಾಸಿನಲ್ಲಿ ಕಾಂಗರೂಗಳು ಮೇಯಲು ರಸ್ತೆ ಬದಿಗೆ ಬರುತ್ತವೆ. ಒಂದು ದಾಟಿದರೆ ಹಿಂದೆ ಇನ್ನೆರಡು ಇರುತ್ತವೆ ಎಂದೇ ತಿಳಿಯಿರಿ. ಎದುರಿಗೆ ಬಂದರೆ ಸ್ಟಿಯರಿಂಗ್ ತಿರುಗಿಸಬೇಡಿ, ನೇರ ಹಿಡಿದು ಬ್ರೇಕ್ ಒತ್ತಿ. ಕಾರು ಮರಕ್ಕೆ ಬಡಿಯುವುದು, ಮಗುಚುವುದು ಆಗುವುದೆಲ್ಲ ತಪ್ಪಿಸಲು ಹೋಗಿ ರಸ್ತೆ ಬಿಟ್ಟಾಗಲೇ.